ಹಳೆ ಕಂಪ್ಯೂಟರ್‌ಗೆ ರಿಪೇರಿಯೋ, ಹೊಸತೇ ಬೇಕೋ?

ಅಡಿಕೆ ಕೊಯ್ಲಿನ ಹೊತ್ತಿಗೆ ಮಲೆನಾಡಿನ ಮನೆಗಳಲ್ಲಿ ವರ್ಷದ ದೊಡ್ಡ ಖರ್ಚುಗಳ ಮಾತು ಏಳುತ್ತದೆ. ಮಾಡಿನ ಹೆಂಚು, ಪಂಪ್‌ಸೆಟ್ಟು, ಮದುವೆ, ಮುಂಜಿ. ಈಚೆಗೆ ಆ ಪಟ್ಟಿಗೆ ಮಕ್ಕಳ ಕಂಪ್ಯೂಟರೂ ಸೇರಿದೆ. "ಗೇಮ್ ಓಡುತ್ತಿಲ್ಲ, ಹೊಸತು ಬೇಕು" ಎನ್ನುತ್ತಾನೆ ಮಗ. "ಇರುವುದಕ್ಕೆ ಏನಾಗಿದೆ?" ಎನ್ನುತ್ತಾರೆ ಅಪ್ಪ. ಇಬ್ಬರೂ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಅದರಲ್ಲಿ ನಿಧಾನವಾಗಿರುವುದು ಯಾವುದು?

ಕೊಪ್ಪದ ಹತ್ತಿರದ ನನ್ನ ತಂಗಿಯ ಮನೆಯಲ್ಲೂ ಈ ವರ್ಷ ಇದೇ ಚರ್ಚೆ. ಕಂಪ್ಯೂಟರ್ 2017ರದ್ದು. ಇಂಟೆಲ್ 7ನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್. ಹೊಸತಕ್ಕೆ ಅಂಗಡಿಯವರು ಹೇಳಿದ್ದು 60 ಸಾವಿರ. ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಅಪ್ಪನ ಕೈ ಬಿಗಿಯಾಗಿದೆ. ಒಂಬತ್ತನೇ ತರಗತಿಯ ಹುಡುಗ ಉದುರು ಅಡಿಕೆ ಹೆಕ್ಕಿ, ಹಬ್ಬದ ದುಡ್ಡು ಸೇರಿಸಿ ಎರಡು ವರ್ಷದಲ್ಲಿ ಕೂಡಿಟ್ಟದ್ದು 9 ಸಾವಿರ.

ನಾನು ಅವನ ಕೈಗೆ ಒಂದು ನೋಟ್‌ಬುಕ್ ಕೊಟ್ಟೆ. "ಒಂದು ವಾರ ಬರೆದಿಡು, ಎಲ್ಲಿ ಕಾಯುತ್ತೀಯ ಅಂತ." ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಷ್ಟೆಷ್ಟು ದುಡಿಯುತ್ತಿವೆ ಎಂದು ಅಲ್ಲಿ ಶೇಕಡಾದಲ್ಲಿ ಕಾಣುತ್ತದೆ. ವಾರದ ಕೊನೆಗೆ ಲೆಕ್ಕ ಸಿಕ್ಕಿತು. ಕಂಪ್ಯೂಟರ್ ಆನ್ ಆಗಲು ನಾಲ್ಕು ನಿಮಿಷ, ಅಷ್ಟೂ ಹೊತ್ತು ಡಿಸ್ಕ್ 100ರಲ್ಲೇ ಇರುತ್ತಿತ್ತು. ಆಟ ಶುರುವಾಗಿ ಅರ್ಧ ಗಂಟೆಗೆ ತಡವರಿಕೆ, ಫ್ಯಾನ್‌ನ ಕೂಗು. ಬ್ರೌಸರ್ ಮುಚ್ಚಿದರೆ 8 ಜಿಬಿ ಮೆಮೊರಿ ಸಾಕಾಗುತ್ತಿತ್ತು.

ಅಂದರೆ ತೊಂದರೆ ಎರಡೇ: ಡಿಸ್ಕ್ ಮತ್ತು ಬಿಸಿ. ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗಬೇಕು, ಅದರ ಮೇಲೆ ಸೂಜಿಯಂಥ ತಲೆ ಓಡಾಡಿ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಸಾಧಾರಣ ಸಾಟಾ ಎಸ್‌ಎಸ್‌ಡಿಯೂ ಸೆಕೆಂಡಿಗೆ 500 ಎಂಬಿ ಆಸುಪಾಸು ಓದುತ್ತದೆ. ಬಿಸಿಗೆ ಕಾರಣ ಧೂಳು, ಮತ್ತು ಪ್ರೊಸೆಸರ್ ಮೇಲೆ ಒಣಗಿದ ಥರ್ಮಲ್ ಪೇಸ್ಟ್. ಹೆಚ್ಚು ಬಿಸಿಯಾದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ.

ಹಾಗಾದರೆ ಪ್ರೊಸೆಸರನ್ನೂ ಬದಲಿಸಬಹುದಲ್ಲ? ಇಲ್ಲಿ ನಿಲ್ಲಬೇಕು. 8ನೇ ತಲೆಮಾರಿನ ಪ್ರೊಸೆಸರ್‌ಗೂ ಸಾಕೆಟ್‌ನಲ್ಲಿ 1151 ಪಿನ್‌ಗಳೇ ಇದ್ದರೂ ಆ ಹಳೆಯ ಮದರ್‌ಬೋರ್ಡಿನಲ್ಲಿ ಅದು ಕೆಲಸ ಮಾಡುವುದಿಲ್ಲ. ಹೊಸ ಪ್ರೊಸೆಸರ್ ಎಂದರೆ ಹೊಸ ಮದರ್‌ಬೋರ್ಡ್. ಈಗಿನ ಬೋರ್ಡ್‌ಗಳಿಗೆ ಹೆಚ್ಚಾಗಿ ಡಿಡಿಆರ್5 ರ್‍ಯಾಮ್ ಬೇಕು. ಹಳೆಯ ಡಿಡಿಆರ್4 ಅದರಲ್ಲಿ ಕೂರುವುದೇ ಇಲ್ಲ. ಅದು ಅಪ್‌ಗ್ರೇಡ್ ಅಲ್ಲ, ಕಂತಿನಲ್ಲಿ ಹೊಸ ಕಂಪ್ಯೂಟರ್ ಕೊಂಡಂತೆ. ಮೇಲಾಗಿ 2025ರ ಕೊನೆಯಿಂದ ರ್‍ಯಾಮ್ ಬೆಲೆ ಏರಿದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್‌ಗಳು ಹೋಗುತ್ತಿರುವುದು ಅದಕ್ಕೆ ದೊಡ್ಡ ಕಾರಣ.

ಇನ್ನೊಂದು ಸಂಗತಿಯನ್ನು ಅಪ್ಪ-ಅಮ್ಮಂದಿರು ಗಮನಿಸಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನಿಂದ ಮೇಲೆ ಇರಬೇಕು. ತಂಗಿಯ ಮನೆಯ ಕಂಪ್ಯೂಟರ್ ಒಂದೇ ಮೆಟ್ಟಿಲು ಕೆಳಗೆ ಉಳಿಯಿತು. ಇಂಥದ್ದರಲ್ಲಿ ಆಟ ಆಡಬಹುದು, ಬ್ಯಾಂಕ್ ವ್ಯವಹಾರ ಬೇಡ.

ಇಷ್ಟೆಲ್ಲ ತಿಳಿದ ಮೇಲೆ ನಾನು ಹೇಳಿದ್ದು ಒಂದೇ ಮಾತು: ಮುಂದಿನ ಕಂಪ್ಯೂಟರ್‌ಗೂ ಬರುವಂಥದ್ದಕ್ಕೆ ಮಾತ್ರ ದುಡ್ಡು ಹಾಕು. ಹುಡುಗ ನೋಟ್‌ಬುಕ್ ಮುಂದಿಟ್ಟುಕೊಂಡು ಯೋಚಿಸಿ, "ದೊಡ್ಡಮ್ಮ, ಹಾಗಾದ್ರೆ ರ್‍ಯಾಮ್ ಬೇಡ. ಎಸ್‌ಎಸ್‌ಡಿ ತಗೊಳ್ತೀನಿ, ಅದು ಬರತ್ತಲ್ಲ" ಎಂದ. ಗ್ರಾಫಿಕ್ಸ್ ಕಾರ್ಡನ್ನೂ ಅವನೇ ಬಿಟ್ಟ. ಅವನಿಗೆ ಬೇಕಾದದ್ದು ಮೈನ್‌ಕ್ರಾಫ್ಟ್ ಮತ್ತು ಫುಟ್‌ಬಾಲಿನ ಎಫ್‌ಸಿ 24. ಎರಡನೆಯದು ಕೇಳುವ ಕನಿಷ್ಠ ಕಾರ್ಡ್ 1050 ಟಿಐ. ಅದು ಮನೆಯಲ್ಲೇ ಇದೆ!

ಎಸ್‌ಎಸ್‌ಡಿ ಹಾಕಿಸಿ, ಧೂಳು ತೆಗೆಸಿ, ಪೇಸ್ಟ್ ಹೊಸದು ಮಾಡಿಸಿದ್ದಕ್ಕೆ ಅವನ ದುಡ್ಡಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೋಯಿತು. ಈಗ ಅರ್ಧ ನಿಮಿಷದಲ್ಲಿ ಕಂಪ್ಯೂಟರ್ ಆನ್ ಆಗುತ್ತದೆ. ಹೊಸ ಹೊಸ ಆಟಗಳು ಈಗಲೂ ಓಡುವುದಿಲ್ಲ, ಅದು ಅವನಿಗೆ ಗೊತ್ತು. ಉಳಿದ ದುಡ್ಡು ಡಬ್ಬಿಗೆ ವಾಪಸ್. ಮಗನ ಲೆಕ್ಕ ನೋಡಿದ ಅಪ್ಪ, ಹೊಸತು ಕೊಳ್ಳುವಾಗ ಅವನು ಎಷ್ಟು ಕೂಡಿಸಿರುತ್ತಾನೋ ಅದರ ಮೂರು ಪಟ್ಟು ತಾನು ಹಾಕುವುದಾಗಿ ಒಪ್ಪಿದ್ದಾರೆ.

ನಮ್ಮ ಕಡೆಯವರಿಗೆ ಇನ್ನೆರಡು ಮಾತು. ಗುಡುಗು ಕೇಳಿದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಿ. ಇಂಟರ್‌ನೆಟ್ ಕೇಬಲ್ಲನ್ನೂ ಕೀಳಿ. ಕಂಪ್ಯೂಟರನ್ನು ನೆಲದ ಮೇಲೆ, ಥಂಡಿ ಗೋಡೆಗೆ ತಾಗಿಸಿ ಇಡಬೇಡಿ. ತೀರಾ ಹಳೆಯದಾದದ್ದನ್ನು ತೋಟದ ಮೂಲೆಗೆ ಎಸೆಯದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಅದರೊಳಗಿನ ಸೀಸ ಮಣ್ಣಿಗೆ ಒಳ್ಳೆಯದಲ್ಲ.

ಮಕ್ಕಳೇ, ನಿಮ್ಮ ಮನೆಯಲ್ಲೂ ಈ ಚರ್ಚೆ ಎದ್ದರೆ ಅಪ್ಪನ ಹತ್ತಿರ ಹೋಗುವ ಮೊದಲು ಒಂದು ವಾರ ಬರೆದಿಡಿ. "ನಿಧಾನ" ಎಂದರೆ ಯಾರೂ ಕಿವಿ ಕೊಡುವುದಿಲ್ಲ. "ಡಿಸ್ಕ್ ನಾಲ್ಕು ನಿಮಿಷ 100ರಲ್ಲಿತ್ತು" ಎಂದರೆ ಕೇಳುತ್ತಾರೆ.