ಇಂಗ್ಲಿಷಿನ ಗೃಹಪಾಠವೂ ನಾವೂ

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಪುಣೆಯ ಕನ್ನಡ ವಿದ್ಯಾರ್ಥಿಗಳಾದ ನಮಗೆ ಇಂಗ್ಲಿಷು ಬಹುಮಟ್ಟಿಗೆ ಪುಸ್ತಕದ ಭಾಷೆ. ಆದುದರಿಂದ ಅದರ ಗೃಹಪಾಠವನ್ನು ಹಗುರಾಗಿ ಎಣಿಸಲಾಗದು. ಆದರೆ ನಮ್ಮಲ್ಲಿ ಅನೇಕರು ಮಾಡುವುದೇನು? ತಪ್ಪಿಗೆ ಅಂಜಿ ಗೈಡಿನ ಉತ್ತರವನ್ನು ಅಂದವಾಗಿ ನಕಲು ಮಾಡುವುದು! ಕೈ ದುಡಿಯುತ್ತದೆ, ಮನಸ್ಸು ಮಲಗಿರುತ್ತದೆ.

‘ನಾನು ಹಾಲು ತಂದೆನು’ ಎಂಬಲ್ಲಿ ಕ್ರಿಯಾಪದವು ಕೊನೆಗೆ ಬರುತ್ತದೆ. ‘ಐ ಬ್ರಾಟ್ ಮಿಲ್ಕ್’ ಎಂಬಲ್ಲಿ ನಡುವೆ ನಿಲ್ಲುತ್ತದೆ. ಈ ಭೇದವು ಮನದಟ್ಟಾಗುವುದು ಸ್ವಂತ ವಾಕ್ಯ ಕಟ್ಟಿ ಎಡವಿದಾಗಲೇ. ತಪ್ಪಿಲ್ಲದ ನಕಲಿಗಿಂತ ತಪ್ಪುಳ್ಳ ಸ್ವಂತ ವಾಕ್ಯವೇ ಲೇಸು.

ದಿನಕ್ಕೆ ಐದು ವಾಕ್ಯಗಳು ಸಾಕು: ಫುಲೆ ಮಂಡಯಿಯಲ್ಲಿ ಕಂಡುದು, ಬಸ್ಸಿನಲ್ಲಿ ಕೇಳಿದುದು. ಬರೆದುದನ್ನು ಗಟ್ಟಿಯಾಗಿ ಓದೋಣ. ಗುರುಗಳು ತಿದ್ದಿದುದನ್ನು ಮರುದಿನ ಮತ್ತೆ ಬರೆಯೋಣ. ಮನೆಯಲ್ಲಿ ಇಂಗ್ಲಿಷ್ ಬಲ್ಲವರಿಲ್ಲದವರೂ ಇಷ್ಟನ್ನು ಮಾಡಬಲ್ಲರು. ಗುರುಗಳಲ್ಲಿ ನಮ್ಮ ಬಿನ್ನಹವೂ ಒಂದುಂಟು: ಗೃಹಪಾಠವು ಕಡಿಮೆಯಿದ್ದರೂ ತಿದ್ದಿ ಬರಲಿ, ತಪ್ಪಿದವರನ್ನು ಕಂಡು ತರಗತಿಯು ನಗದಿರಲಿ.

ಇಂಗ್ಲಿಷ್ ಕಲಿತರೆ ಕನ್ನಡ ಕೆಡುವುದೆಂಬ ಶಂಕೆಯೂ ಬೇಡ. ಇದೇ ಊರಿನ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಪದವೀಧರರಾದ ಬೇಂದ್ರೆಯವರೇ ಕನ್ನಡದ ವರಕವಿಯಾದರು. ಗೈಡನ್ನು ಮುಚ್ಚೋಣ, ಮೊದಲ ಐದು ವಾಕ್ಯಗಳನ್ನು ಇಂದೇ ಬರೆಯೋಣ.