ತೊಗಟೆಯ ಮೇಲಿನ ಬರಹ

ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿ ಲವಂಗ, ಮರಾಠಿಮೊಗ್ಗುಗಳ ಜೊತೆಗೆ ಕಲ್ಲುಹೂವೂ ಇರುತ್ತದೆ. ಹೆಸರಿನಲ್ಲಿ ಹೂವಿದ್ದರೂ ಅದು ಹೂವಲ್ಲ. ಮರದ ತೊಗಟೆಯಿಂದಲೋ ಬಂಡೆಯಿಂದಲೋ ಬಿಡಿಸಿ ತಂದ ಲೈಕೆನ್. ಶಿಲೀಂಧ್ರ ಮತ್ತು ಪಾಚಿ ಕೂಡಿ ನಡೆಸುವ ಸಂಸಾರವೇ ಲೈಕೆನ್. ಶಿಲೀಂಧ್ರವು ಮನೆ ಕಟ್ಟಿ ತೇವವನ್ನು ಹಿಡಿದಿಡುತ್ತದೆ. ಪಾಚಿಯು ಬಿಸಿಲಿನ ನೆರವಿನಿಂದ ಆಹಾರವನ್ನು ಸಿದ್ಧಗೊಳಿಸುತ್ತದೆ. ಸ್ವಿಟ್ಜರ್‌ಲೆಂಡಿನ ಸೈಮನ್ ಶ್ವೆಂಡೆನರ್ 1867ರಲ್ಲಿ ಈ ಸಂಗತಿಯನ್ನು ತಿಳಿಸಿದಾಗ ಅನೇಕ ವಿದ್ವಾಂಸರು ಒಪ್ಪಲಿಲ್ಲ.

ಇಂತಹ ಸಂಸಾರಗಳಲ್ಲಿ ಇನ್ನೂ ನಾಮಕರಣವಾಗದವು ಎಷ್ಟೋ ಇವೆ. ಅಮೆರಿಕದ ದಕ್ಷಿಣ ಫ್ಲಾರಿಡಾದಲ್ಲಿ ಫಕಹ್ಯಾಚಿ ಸ್ಟ್ರ್ಯಾಂಡ್ ಎಂಬ ಉಪೋಷ್ಣವಲಯದ ಜೌಗು ಕಾಡಿದೆ. 2009ರಲ್ಲಿ ಲೈಕೆನ್ ತಜ್ಞರು ಅಲ್ಲಿ ಸೇರಿ, ನೀರಿನಲ್ಲಿ ನಡೆದು ಮರಮರವನ್ನೂ ಪರೀಕ್ಷಿಸಿದರು. 2011ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ 400ಕ್ಕೂ ಹೆಚ್ಚು ಬಗೆಗಳಿದ್ದವು. ಅವುಗಳಲ್ಲಿ 18 ವಿಜ್ಞಾನಕ್ಕೇ ಹೊಸವು.

ಹೊಸದೆಂದು ನಿರ್ಧರಿಸುವುದು ಸುಲಭವಲ್ಲ. ತೊಗಟೆಯ ಚೂರನ್ನು ಕೂದಲೆಳೆಯಂತೆ ಸೀಳಿ, ಸೂಕ್ಷ್ಮದರ್ಶಕದಲ್ಲಿ ಬೀಜಕಣಗಳ ಅಳತೆಯನ್ನೂ ಅವುಗಳೊಳಗಿನ ಕೋಣೆಗಳನ್ನೂ ಎಣಿಸಬೇಕು. ಕ್ಷಾರದ ಹನಿ ಹಾಕಿ ಬಣ್ಣ ಬದಲಾಗುವುದೇ ಎಂದು ನೋಡಬೇಕು. ಹಿಂದಿನವರು ವರ್ಣಿಸಿದ ಮಾದರಿಗಳೊಡನೆ ಹೋಲಿಸಬೇಕು. ಯಾವುದಕ್ಕೂ ಸರಿಹೊಂದದಿದ್ದರೆ ಮಾತ್ರ ಹೊಸ ಹೆಸರು. ಆ ಮೂಲ ಮಾದರಿಯನ್ನು ಸಸ್ಯಸಂಗ್ರಹಾಲಯದಲ್ಲಿ ಕಾಪಾಡಿಡಬೇಕು.

ಈ ಗುಂಪಿನಲ್ಲಿ ನಮ್ಮ ಮನ ಸೆಳೆಯುವುದು 'ಗ್ರಾಫಿಸ್'. ಗ್ರೀಕ್ ಭಾಷೆಯ 'ಬರೆ' ಎಂಬ ಅರ್ಥದ ಮಾತಿನಿಂದ ಬಂದ ಹೆಸರದು. ಬಿಳಿಯ ಹಾಳೆಯ ಮೇಲೆ ಶಾಯಿಯಿಂದ ಗೀಚಿದಂತೆ ಅದರ ಕರಿಯ ಗೆರೆಗಳು ತೊಗಟೆಯ ಮೇಲೆ ಹರಡಿರುತ್ತವೆ. ನಮ್ಮ ಪಶ್ಚಿಮಘಟ್ಟದ ಮರಗಳಲ್ಲಿಯೂ ಈ ಬರಹವುಂಟು. ಗ್ರಾಫಿಸ್ ಸೇರಿದ ಕುಟುಂಬವೊಂದರಿಂದಲೇ 2014ರಲ್ಲಿ 175 ಹೊಸ ಬಗೆಗಳನ್ನು ಒಟ್ಟಿಗೆ ಪ್ರಕಟಿಸಲಾಯಿತು.

ಆದರೆ ಸಂತೋಷದೊಡನೆ ಒಂದು ವ್ಯಥೆಯೂ ನಮ್ಮನ್ನು ಕಾಡುತ್ತದೆ. ಫಕಹ್ಯಾಚಿಯ ಹಳೆಯ ಸೈಪ್ರೆಸ್ ಮರಗಳನ್ನು 1940 ಮತ್ತು 50ರ ದಶಕಗಳಲ್ಲಿ ಕಡಿದು ಸಾಗಿಸಿದ್ದರು. ತಜ್ಞರು ಕಂಡದ್ದು ಕೊಡಲಿಯಿಂದ ಉಳಿದದ್ದನ್ನು ಮತ್ತು ಮರಳಿ ಚಿಗುರಿದ್ದನ್ನು. ಆ ಮರಗಳೊಡನೆ ಹೆಸರಿಲ್ಲದೆ ಅಳಿದವು ಎಷ್ಟೆಂಬುದನ್ನು ಇನ್ನು ಯಾರೂ ಎಣಿಸಲಾರರು.

ನಮ್ಮ ಹಿತ್ತಿಲ ಮಾವು, ತೆಂಗುಗಳ ಮೇಲಿನ ಬೂದುಬಣ್ಣದ ಹಚ್ಚೆಗಳನ್ನು ರೋಗವೆಂದು ಭಾವಿಸಿ ಕೆರೆದು ತೆಗೆಯುವವರನ್ನು ನಾವು ಕಂಡಿದ್ದೇವೆ. ಲೈಕೆನ್ ಮರದ ರಸವನ್ನು ಹೀರುವುದಿಲ್ಲ. ತೊಗಟೆ ಅದಕ್ಕೆ ನಿಲ್ಲುವ ನೆಲೆ ಮಾತ್ರ. ಗಾಳಿಯಲ್ಲಿ ಗಂಧಕದ ಹೊಗೆ ಹೆಚ್ಚಿದಲ್ಲಿ ಹಲವು ಲೈಕೆನ್‌ಗಳು ಬಾಳಲಾರವು. ಆದುದರಿಂದ ಓದುಗ ಬಂಧುಗಳೆ, ಕೆರೆಯುವ ಮುನ್ನ ಮಕ್ಕಳ ಕೈಗೊಂದು ಭೂತಗನ್ನಡಿಯನ್ನು ಕೊಡಿರಿ. ಓದುವವರಿಗಾಗಿ ಆ ಬರಹ ಕಾದಿದೆ.