ಧಾರಾವಾಹಿ ನೋಡಿದ ಮೇಲೆ ಒಂದು ಪುಟ ಬರೆಯಿರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಬಂಧುಗಳಲ್ಲಿ ಕಳಕಳಿಯ ವಿನಂತಿ.

ನಾಟಕ ನೋಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಸಂಗ್ಯಾ-ಬಾಳ್ಯಾ ಸಣ್ಣಾಟದ ಕಥೆ ಬೈಲಹೊಂಗಲ ಸೀಮೆಯದು. ರಂಗಭೂಮಿಯ ಹಿರಿಯ ಜೀವ ಏಣಗಿ ಬಾಳಪ್ಪ (1914–2017) ಹುಟ್ಟಿದ್ದು ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ. ಕಂಪನಿ ನಾಟಕಗಳ ಕಾಲದಲ್ಲಿ ಪ್ರೇಕ್ಷಕ ನಟನ ಎದುರಿಗೇ ಕೂತಿರುತ್ತಿದ್ದ. ಮೆಚ್ಚಿದರೆ ‘ಒನ್ಸ್ ಮೋರ್’, ಮೆಚ್ಚದಿದ್ದರೆ ಕೂಗಾಟ. ಮಾಲೀಕನಿಗೆ ತೀರ್ಪು ಅಲ್ಲೇ ಸಿಗುತ್ತಿತ್ತು.

ಟಿ.ವಿ.ಯವರಿಗೆ ನಮ್ಮ ತೀರ್ಪು ಮುಟ್ಟುವುದೇ ಇಲ್ಲ. ಟಿಆರ್‌ಪಿ ಲೆಕ್ಕಕ್ಕೆ ಬಾರ್ಕ್ ಸಂಸ್ಥೆ ಮೀಟರ್ ಇಟ್ಟಿರುವುದು ಇಡೀ ದೇಶದಲ್ಲಿ ಆಯ್ದ ಕೆಲವು ಸಾವಿರ ಮನೆಗಳಲ್ಲಿ ಮಾತ್ರ. ಉಳಿದ ಕೋಟ್ಯಂತರ ಮನೆಗಳ ನಗು, ಸಿಟ್ಟು ಎಣಿಕೆಗೆ ಬಾರದು. ಆ ಮೀಟರೂ ಯಾರು ಏನು ನೋಡಿದರೆಂದು ಹೇಳುತ್ತದೆಯೇ ಹೊರತು ನೋಡಿ ಯಾಕೆ ಮುಖ ಸಿಂಡರಿಸಿದರೆಂದು ಹೇಳದು.

ನಮ್ಮ ಬದುಕು ಈಗೀಗ ಪರದೆಗೆ ಬರುತ್ತಿದೆ. 2020ರಲ್ಲಿ ಕಲರ್ಸ್ ಕನ್ನಡದಲ್ಲಿ ಶುರುವಾದ ‘ಗಿಣಿರಾಮ’ ಉತ್ತರ ಕರ್ನಾಟಕದ ಮಾತಿನಲ್ಲೇ ನಡೆಯಿತು. ಸ್ಟಾರ್ ಸುವರ್ಣದಲ್ಲಿ ‘ಉಧೋ ಉಧೋ ಶ್ರೀ ರೇಣುಕಾ ಯಲ್ಲಮ್ಮ’ ಬಂತು. ಒಳ್ಳೆಯದೇ. ಆದರೆ ಕಾಮಿಡಿ ಶೋಗಳಲ್ಲಿ ಗಂಡಸು ಸೀರೆ ಉಟ್ಟು ಬಂದರೆ ಸಾಕು, ನಗೆ ಸಿದ್ಧ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಹಾಗೆ ಸೀರೆ ಉಟ್ಟು, ದೇವಿಯ ಜಗ ಹೊತ್ತು, ಚೌಡಿಕೆ ನುಡಿಸುವ ಜೋಗಪ್ಪನ ಮುಂದೆ ಜನ ಕೈಮುಗಿಯುತ್ತಾರೆ. ಆ ಪರಂಪರೆಯ ಮಂಜಮ್ಮ ಜೋಗತಿಗೆ 2021ರ ಪದ್ಮಶ್ರೀ ಸಂದಿದೆ. ಹಾಸ್ಯ ಬರೆಯುವವರಿಗೆ ಈ ಎರಡನೆಯ ನೋಟವನ್ನು ತಿಳಿಸಬೇಕಾದವರು ನಾವಲ್ಲದೆ ಇನ್ಯಾರು?

ಚಿಕ್ಕ ತಪ್ಪುಗಳೂ ನಮ್ಮ ಕಣ್ಣಿಗೇ ಬೀಳುವುದು. ಪವರ್‌ಲೂಮ್ ಓಡುತ್ತಿರುವಾಗ ಪಕ್ಕದಲ್ಲಿ ನಿಂತು ನಾಯಕ ಪಿಸುಮಾತಿನಲ್ಲಿ ಪ್ರೇಮ ಹೇಳಿದರೆ ರಾಮದುರ್ಗದ ನೇಕಾರ ನಗುತ್ತಾನೆ. ಆ ಸದ್ದಿನಲ್ಲಿ ಕಿವಿಗೆ ಬಾಯಿ ಹಚ್ಚಿ ಕೂಗಬೇಕು, ಇಲ್ಲವೇ ಕೈಸನ್ನೆ ಮಾಡಬೇಕು. ಇದು ಬೆಂಗಳೂರಿನ ವಿಮರ್ಶಕನಿಗೆ ಹೊಳೆಯದಿದ್ದರೆ ಅವನ ತಪ್ಪಲ್ಲ.

ಆದ್ದರಿಂದ ಕೇಳಿಕೊಳ್ಳುವುದಿಷ್ಟು. ನಮ್ಮಂಥವರ ಕಥೆ ಬಂದಾಗ ನಾಲ್ಕೈದು ಕಂತು ನೋಡಿ, ಒಂದು ಪುಟ ಬರೆಯಿರಿ. ಯಾರು ಯಾರನ್ನು ನೋಡಿ ನಗುತ್ತಿದ್ದಾರೆ, ಬಡವರ ಪಾತ್ರಕ್ಕೆ ತನ್ನದೇ ಆಸೆ, ಹಟ ಇದೆಯೇ, ಕೆಲಸ ಕೆಲಸದಂತೆ ಕಾಣುತ್ತದೆಯೇ ಎಂದು ಬರೆಯಿರಿ. ಚೆನ್ನಾಗಿದ್ದರೆ ಬಾಯ್ತುಂಬ ಹೊಗಳಿ, ಬೈಯುವುದಷ್ಟೇ ವಿಮರ್ಶೆಯಲ್ಲ. ಬರೆದದ್ದನ್ನು ವಾಹಿನಿಗೂ ಪತ್ರಿಕೆಗೂ ಕಳಿಸಿ. ಅಪಮಾನವೇ ಆಗಿದ್ದರೆ, ಮನರಂಜನಾ ವಾಹಿನಿಗಳ ಮೇಲಿನ ದೂರು ಕೇಳಲು 2011ರಿಂದ ಬಿಸಿಸಿಸಿ ಮಂಡಳಿ ಇದೆ. ಕಾಲೇಜಿನ ಕನ್ನಡ ಮೇಷ್ಟ್ರುಗಳು ವಿದ್ಯಾರ್ಥಿಗಳಿಂದ ಇದನ್ನು ಬರೆಸಲಿ. ಅಕ್ಷರ ಬಾರದ ಹಿರಿಯರು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ.

ಅಕ್ಟೋಬರಿನ ಕಿತ್ತೂರು ಉತ್ಸವದಲ್ಲಿ ಧಾರಾವಾಹಿ ಬರೆಯುವವರನ್ನು ಕರೆಸಿ, ಒಂದು ತಾಸು ನೇಕಾರರ, ಜೋಗತಿಯರ ಎದುರು ಕೂರಿಸಿರೆಂದು ಸಂಘಟಕರನ್ನೂ ಕೇಳೋಣ. ಸನ್ಮಾನ, ಶಾಲು ಆಮೇಲೆ. ಮೊದಲು ಪ್ರಶ್ನೋತ್ತರ ಆಗಲಿ.